ನೊರೆ ಒರೆಸುವಾಗ ಕತ್ತಿಯ ಬಾಯಿ ಕೆಡದಿರಲು

ಪ್ರಶ್ನೆ: ಆರು ತಿಂಗಳಿಂದ ಮಡಚುವ ಕ್ಷೌರದ ಕತ್ತಿಯಲ್ಲಿ ನಾನೇ ಗಡ್ಡ ಹೆರೆದುಕೊಳ್ಳುತ್ತಿದ್ದೇನೆ. ಸಾಣೆ ಹಿಡಿಸಿಕೊಂಡು ಬಂದ ಮೇಲೆ ಮೊದಲ ನಾಲ್ಕೈದು ಸಲ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಹೋಗುತ್ತದೆ. ಆಮೇಲೆ ಕೂದಲನ್ನು ಕತ್ತರಿಸುವ ಬದಲು ಎಳೆಯತೊಡಗುತ್ತದೆ. ಪ್ರತಿ ಎಳೆತಕ್ಕೂ ನೊರೆಯನ್ನು ಟವೆಲಿನಲ್ಲಿ ಹಿಡಿದು ಒರೆಸುತ್ತೇನೆ. ನಡುನಡುವೆ ನಲ್ಲಿಯ ಕೆಳಗೆ ತೊಳೆಯುತ್ತೇನೆ. ಒರೆಸುವುದರಿಂದಲೇ ಹರಿತ ಹೋಗುತ್ತದೆ ಎಂದು ಒಬ್ಬರು ಹೇಳಿದರು. ನೀರೇ ಕತ್ತಿಗೆ ಶತ್ರು ಎಂದು ಇನ್ನೊಬ್ಬರು. ಕ್ಷೌರದ ನಡುವೆ ಕತ್ತಿಯನ್ನು ಶುಚಿ ಮಾಡುವ ಸರಿಯಾದ ರೀತಿ ಯಾವುದು?

ಉತ್ತರ: ನಿಮ್ಮ ಪ್ರಶ್ನೆ ಓದುವಾಗ ನನ್ನ ಕಣ್ಣು ನಿಂತದ್ದು ಎರಡು ಮಾತುಗಳ ಮೇಲೆ. ಒಂದು ‘ಪ್ರತಿ ಎಳೆತಕ್ಕೂ’, ಇನ್ನೊಂದು ‘ಹಿಡಿದು’. ಬಟ್ಟೆಯೋ ನೀರೋ ಎಂಬ ಜಗಳ ಹಾಗಿರಲಿ, ನನಗೆ ಅನುಮಾನ ಇರುವುದು ಈ ಎರಡರ ಮೇಲೆ.

ಮೊದಲು ಚಿಕ್ಕ ಉತ್ತರ ಹೇಳಿಬಿಡುತ್ತೇನೆ: ಬೆನ್ನು ಮುಂದೆ, ಬಾಯಿ ಹಿಂದೆ. ಬಟ್ಟೆಯ ಮೇಲಾಗಲಿ, ನೀರಿನ ಕೆಳಗಾಗಲಿ, ಬಾಯಿಯನ್ನು ತಿದ್ದಲು ಕತ್ತಿ ಎಳೆಯುವ ಚರ್ಮದ ಪಟ್ಟಿಯ ಮೇಲಾಗಲಿ, ಕತ್ತಿಯ ದಪ್ಪ ಬೆನ್ನು ದಾರಿ ಮಾಡಿಕೊಂಡು ಮುಂದೆ ಹೋಗಬೇಕು, ಬಾಯಿ ಅದರ ಹಿಂದೆ ಸುಮ್ಮನೆ ಎಳೆಸಿಕೊಂಡು ಬರಬೇಕು. ಬಾಯಿ ಮುಂದಾಗಿ ಹೋಗಬಹುದಾದ ಜಾಗಗಳು ಎರಡೇ. ಒಂದು ನಿಮ್ಮ ಮುಖ, ಇನ್ನೊಂದು ಸಾಣೆಕಲ್ಲು.

ಇದು ಯಾಕೆ ಹೀಗೆ ಎಂದು ತಿಳಿಯಬೇಕಾದರೆ ಬಾಯಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಸಾಮಾನ್ಯ ಕ್ಷೌರದ ಕತ್ತಿಯ ಬೆನ್ನು ನಾಲ್ಕೈದು ಮಿಲಿಮೀಟರ್ ದಪ್ಪ ಇರುತ್ತದೆ. ಅಲ್ಲಿಂದ ಕೆಳಕ್ಕೆ ಎರಡೂ ಬದಿಯನ್ನು ಒಳಬಾಗುವಂತೆ ಉಜ್ಜಿ ತೆಳುಮಾಡಿರುತ್ತಾರೆ. ಹೆಚ್ಚು ಟೊಳ್ಳು ತೆಗೆದ ಕತ್ತಿಯಲ್ಲಿ ಬಾಯಿಯ ಹತ್ತಿರದ ಉಕ್ಕು ಎಷ್ಟು ತೆಳುವೆಂದರೆ, ಹೆಬ್ಬೆರಳ ಉಗುರಿನ ಮೇಲೆ ಮೆಲ್ಲಗೆ ಒತ್ತಿದರೆ ಅದು ಬಾಗುವುದು ಬರಿಗಣ್ಣಿಗೇ ಕಾಣುತ್ತದೆ. (ಕಾಣುತ್ತದೆ ಎಂದೆ, ಮಾಡಿ ನೋಡಿ ಎನ್ನಲಿಲ್ಲ.) ಎರಡು ಬದಿ ಕೂಡುವ ಕೋನ 16–17 ಡಿಗ್ರಿಯ ಆಸುಪಾಸು. ಒಳ್ಳೆಯ ಸಾಣೆ ಆದ ಮೇಲೆ ಅವು ಕೂಡುವ ಗೆರೆಯ ದಪ್ಪ ಒಂದು ಮೈಕ್ರಾನಿಗಿಂತಲೂ ಕಡಿಮೆ. ಅಂದರೆ ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ ಒಂದು ಭಾಗಕ್ಕಿಂತ ತೆಳು. ಗಡ್ಡದ ಕೂದಲು ಹೆಚ್ಚುಕಡಿಮೆ 100 ಮೈಕ್ರಾನ್ ದಪ್ಪ.

ಇಷ್ಟು ತೆಳುವಾದದ್ದು ಸವೆಯುವುದಕ್ಕಿಂತ ಬೇಗ ಮುರಿಯುತ್ತದೆ ಇಲ್ಲವೇ ಮಡಚಿಕೊಳ್ಳುತ್ತದೆ. ಇದನ್ನು ಚೆನ್ನಾಗಿ ತೋರಿಸಿಕೊಟ್ಟವರು ಅಮೆರಿಕದ ಎಂಐಟಿಯ ಸಂಶೋಧಕರು. 2020ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಅವರ ಅಧ್ಯಯನ ಬಂತು. ಕೂದಲು ಉಕ್ಕಿಗಿಂತ ಸುಮಾರು 50 ಪಟ್ಟು ಮೃದು. ಅಂಥ ಮೃದುವಾದದ್ದು ಉಕ್ಕನ್ನು ಮೊಂಡು ಮಾಡುವುದು ಹೇಗೆ ಎಂಬುದು ಅವರ ಪ್ರಶ್ನೆ. ಬ್ಲೇಡುಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದಾಗ ಕಂಡದ್ದು ನಿಧಾನದ ಸವೆತ ಅಲ್ಲ, ಸಣ್ಣ ಸಣ್ಣ ಚಕ್ಕೆಗಳು ಎದ್ದಿರುವುದು. ಕೂದಲು ನೆಟ್ಟಗೆ ನಿಲ್ಲದೆ ಬಾಗಿ, ಬಾಯಿಯನ್ನು ಪಕ್ಕಕ್ಕೆ ಒತ್ತಿದಾಗ, ಉಕ್ಕಿನ ಒಳರಚನೆ ಒಂದೇ ಸಮ ಇಲ್ಲದ ಕಡೆ ಚಕ್ಕೆ ಏಳುತ್ತದೆ. ಅವರು ನೋಡಿದ್ದು ಬಳಸಿ ಎಸೆಯುವ ಬ್ಲೇಡುಗಳನ್ನು, ನಿಮ್ಮಂಥ ಕತ್ತಿಯನ್ನಲ್ಲ. ಆದರೂ ನಮಗೆ ಬೇಕಾದ ಪಾಠ ಅಲ್ಲಿದೆ. ವಸ್ತು ಮೃದುವಾಗಿದೆ ಎಂದ ಮಾತ್ರಕ್ಕೆ ಬಾಯಿಗೆ ಅಪಾಯ ಇಲ್ಲ ಎಂದಲ್ಲ. ಅಡ್ಡಡ್ಡ ಒತ್ತಿದರೆ ಕೂದಲೂ ಉಕ್ಕನ್ನು ಕೀಳುತ್ತದೆ. ಇನ್ನು ನಿಮ್ಮ ಟವೆಲು!

ಟವೆಲಿನ ಮೈಮೇಲೆ ನೂಲಿನ ಸಣ್ಣ ಕುಣಿಕೆಗಳಿರುತ್ತವೆ. ಅದು ನೀರು ಹೀರುವುದೇ ಅವುಗಳಿಂದ. ಆ ಕುಣಿಕೆಯೊಳಗೆ ಬಾಯಿ ಸಿಕ್ಕಿದರೆ ನೂಲು ಬಿಗಿಯಾಗಿ ಬಾಯಿಯನ್ನು ಒಂದು ಬದಿಗೆ ಎಳೆಯುತ್ತದೆ. ಕೊನೆಗೆ ನೂಲು ಕತ್ತರಿಸಿ ಹೋಗುತ್ತದೆ, ನಿಜ. ಕತ್ತರಿಸುವ ಮುಂಚಿನ ಆ ಕ್ಷಣದ ಎಳೆತವೇ ನಮಗೆ ಬೇಡವಾದದ್ದು. ನಿಮ್ಮ ಟವೆಲನ್ನು ಬೆಳಕಿಗೆ ಹಿಡಿದು ನೋಡಿ. ಒರೆಸುವ ಜಾಗದಲ್ಲಿ ಕತ್ತರಿಸಿದ ನೂಲುಗಳು, ಸಣ್ಣ ಗೀರುಗಳು ಕಂಡರೆ ನೀವು ಅಲ್ಲಿ ಒರೆಸಿಲ್ಲ, ಕೊಯ್ದಿದ್ದೀರಿ.

ಈಗ ‘ಹಿಡಿದು’ ಎಂಬ ಮಾತಿಗೆ ಬರೋಣ. ಬಹಳ ಜನ ಬಟ್ಟೆಯನ್ನು ಹೆಬ್ಬೆರಳು, ತೋರುಬೆರಳ ನಡುವೆ ಮಡಚಿ, ಮಡಿಕೆಯೊಳಗೆ ಅಲಗನ್ನು ಇಟ್ಟು, ಹಿಸುಕಿ, ಬುಡದಿಂದ ತುದಿಯವರೆಗೆ ಒಂದೇ ಸಲ ಎಳೆದುಬಿಡುತ್ತಾರೆ. ನೋಡಲು ಚೊಕ್ಕವಾಗಿದೆ, ಒಂದೇ ಏಟಿಗೆ ಎರಡೂ ಬದಿ ಸ್ವಚ್ಛ. ಆದರೆ ಆಗ ಬಟ್ಟೆಯ ಮಡಿಕೆ ಎಲ್ಲಿದೆ ಎಂದು ಯಾರೂ ನೋಡುವುದಿಲ್ಲ. ಮಡಿಕೆ ಬಾಯಿಯ ಕಡೆಗಿದ್ದರೆ ಬಾಯಿ ಅದರ ತಳಕ್ಕೆ ಒತ್ತಿಕೊಂಡು ಉದ್ದಕ್ಕೂ ಬಟ್ಟೆಯನ್ನು ಕೊಯ್ಯುತ್ತಾ ಹೋಗುತ್ತದೆ. ಕೊಯ್ಯುವುದಕ್ಕೆ ಅದಕ್ಕಿಂತ ಒಳ್ಳೆಯ ಚಲನೆ ಇನ್ನೊಂದಿಲ್ಲ, ಗರಗಸ ಮಾಡುವುದೂ ಅದನ್ನೇ. ಬಟ್ಟೆ ತೆಳುವಾಗಿದ್ದರೆ ಅದರಾಚೆ ಇರುವುದು ನಿಮ್ಮ ಬೆರಳು. ಈ ವಿಧಾನ ಬಾಯಿಗೂ ಬೆರಳಿಗೂ ಒಟ್ಟಿಗೇ ಕೆಟ್ಟದ್ದು. ನನಗೆ ಗೊತ್ತಿರುವ ತಪ್ಪುಗಳಲ್ಲಿ ಬಿಡಿಸಲು ಬಹಳ ಕಷ್ಟವಾದ ಅಭ್ಯಾಸ ಕೂಡ ಇದೇ.

ಅದರ ಬದಲು ಹೀಗೆ ಮಾಡಿ. ನಯವಾದ ನೇಯ್ಗೆಯ ಹತ್ತಿ ಬಟ್ಟೆಯೊಂದನ್ನು ತೆಗೆದುಕೊಳ್ಳಿ. ಹಳೆಯ ಪಂಚೆಯ ತುಂಡು, ಮೆದುವಾದ ಕರವಸ್ತ್ರ, ಯಾವುದಾದರೂ ಸರಿ, ಕುಣಿಕೆ ಇರಬಾರದು ಅಷ್ಟೇ. ಒದ್ದೆ ಮಾಡಿ ಹಿಂಡಿ, ನಾಲ್ಕು ಮಡಿಕೆ ಮಾಡಿ ಬೇಸಿನ್ ಪಕ್ಕದ ಸಮತಟ್ಟು ಜಾಗದಲ್ಲಿ ಹಾಸಿ. ಕತ್ತಿಯನ್ನು ಹೆಚ್ಚುಕಡಿಮೆ ಮಲಗಿಸಿ ಬಟ್ಟೆಯ ಮೇಲಿಡಿ. ಮೊದಲು ತಾಗಬೇಕಾದದ್ದು ಬೆನ್ನು. ಬೆನ್ನು ತಾಗಿದ ಮೇಲೆ ಬಾಯಿಯನ್ನು ಮೆಲ್ಲಗೆ ಇಳಿಸಿ, ಬೆನ್ನು ಮುಂದಾಗಿ ಒಂದು ಗೇಣು ಎಳೆಯಿರಿ. ನೊರೆ ಬಾಯಿಯಿಂದ ಜಾರಿ ಬಟ್ಟೆಯ ಮೇಲೆ ಪಟ್ಟಿಯಾಗಿ ಉಳಿಯುತ್ತದೆ. ಇನ್ನೊಂದು ಬದಿಗೆ ಹೊರಳಿಸುವಾಗ ಬೆನ್ನನ್ನು ಬಟ್ಟೆಗೆ ತಾಗಿಸಿಟ್ಟುಕೊಂಡೇ ಹೊರಳಿಸಿ, ಬಾಯಿ ಮೇಲಿಂದ ಸುತ್ತಿ ಬರಲಿ. ಬಾಯಿಯ ಮೇಲೆ ಹೊರಳಿಸಿದರೆ ಅಷ್ಟು ಹೊತ್ತು ಮಾಡಿದ ಜಾಗ್ರತೆ ಎಲ್ಲಾ ನೀರುಪಾಲು.

ಒತ್ತಡ ಎಷ್ಟು ಎಂದು ಕೇಳುತ್ತೀರಿ. ಕತ್ತಿಯ ಸ್ವಂತ ಭಾರ ಸಾಕು. ಬೆರಳಿನಿಂದ ಒತ್ತಬೇಕು ಅನಿಸಿದರೆ ಬಟ್ಟೆ ಒಣಗಿದೆ ಎಂದರ್ಥ, ಮತ್ತೆ ಒದ್ದೆ ಮಾಡಿಕೊಳ್ಳಿ. ಒದ್ದೆ ಬಟ್ಟೆ ಸಾಬೂನನ್ನು ತಾನೇ ಎಳೆದುಕೊಳ್ಳುತ್ತದೆ. ಒಣ ಬಟ್ಟೆಯ ಮೇಲೆ ನೊರೆ ಸವರಿಕೊಂಡು ಹೋಗುತ್ತದೆ, ಮತ್ತೆ ಒರೆಸಬೇಕಾಗುತ್ತದೆ, ಪ್ರತಿ ಸಲವೂ ಇನ್ನಷ್ಟು ಒತ್ತುತ್ತೀರಿ. ಇನ್ನೊಂದು ಮಾತು: ನೆಲಕ್ಕೆ ಬಿದ್ದ ಬಟ್ಟೆಯನ್ನು ಝಾಡಿಸಿ ಮತ್ತೆ ಬಳಸಬೇಡಿ. ಮರಳಿನ ಕಣ ಎಂದರೆ ಬೆಣಚುಕಲ್ಲಿನ ಚೂರು. ಅದು ಕತ್ತಿಯ ಉಕ್ಕನ್ನು ಗೀರುವಷ್ಟು ಗಟ್ಟಿ. ಒಂದೇ ಒಂದು ಕಣ ಸಾಕು.

ಕಾಗದದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಟಿಶ್ಯೂ ಕಾಗದ ಮೆದು, ಆದರೆ ಒದ್ದೆಯಾದರೆ ಹರಿದು ಅಲಗಿಗೆ ಅಂಟುತ್ತದೆ. ಕೊನೆಯಲ್ಲಿ ತೇವ ಹೀರಲು ಅದು ಚೆನ್ನ, ನಡುವೆ ನೊರೆ ಒರೆಸಲು ಬೇಡ. ಹೊಳಪಿನ ಪತ್ರಿಕೆಯ ಹಾಳೆ ಬೇಡವೇ ಬೇಡ. ಮುದ್ರಣದ ಕಾಗದಕ್ಕೆ ನುಣುಪು ಬರಲಿ ಎಂದು ಚೀನಾ ಮಣ್ಣು, ಸುಣ್ಣಕಲ್ಲಿನ ಪುಡಿ ಬೆರೆಸಿರುತ್ತಾರೆ.

ಅನುಭವಿ ಕ್ಷೌರಿಕರು ನೊರೆಯನ್ನು ತಮ್ಮ ಎಡಗೈಗೇ ಒರೆಸಿಕೊಳ್ಳುವುದನ್ನು ನೀವು ನೋಡಿರಬಹುದು. ಬಾಯಿಯ ದೃಷ್ಟಿಯಿಂದ ಹೇಳುವುದಾದರೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಕೈಯ ಚರ್ಮದಲ್ಲಿ ನೂಲಿಲ್ಲ, ಕುಣಿಕೆಯಿಲ್ಲ, ಒತ್ತಿದಲ್ಲಿ ತಗ್ಗುತ್ತದೆ. ಗಮನವಿಟ್ಟು ನೋಡಿದರೆ ಅವರ ಕೈಯಲ್ಲೂ ಕತ್ತಿ ಬೆನ್ನು ಮುಂದಾಗಿಯೇ ಹೋಗುತ್ತದೆ. ಆದರೆ ಅದು ಹತ್ತಾರು ಸಾವಿರ ಸಲ ಮಾಡಿ ಕೈಗೆ ಕೂತ ಚಲನೆ. ಆರು ತಿಂಗಳ ಅಭ್ಯಾಸಕ್ಕೆ, ಅದೂ ಬೆಳಗಿನ ಅವಸರದಲ್ಲಿ, ಅದನ್ನು ಅನುಕರಿಸಬೇಡಿ. ಬೇರೆಯವರಿಗೆ ಕ್ಷೌರ ಮಾಡುವಾಗಲಂತೂ ಕೈಗೆ ಒರೆಸಿಕೊಳ್ಳುವುದು ತಪ್ಪು, ರಕ್ತದಿಂದ ಹರಡುವ ಹೆಪಟೈಟಿಸ್‌ನಂಥ ಕಾಯಿಲೆಗಳ ಕಾರಣಕ್ಕೆ.

ಹೇಗೆ ಒರೆಸಬೇಕು ಎಂಬುದಕ್ಕಿಂತ ಎಷ್ಟು ಸಲ ಒರೆಸಬೇಕು ಎಂಬುದು ದೊಡ್ಡ ಪ್ರಶ್ನೆ. ನೀವು ಪ್ರತಿ ಎಳೆತಕ್ಕೂ ಒರೆಸುತ್ತೀರಿ. ಒಂದು ಕ್ಷೌರಕ್ಕೆ ಎರಡು ಸುತ್ತು ಎಂದಿಟ್ಟುಕೊಂಡರೂ ನಲವತ್ತು ಐವತ್ತು ಎಳೆತಗಳಾಗುತ್ತವೆ. ಅಷ್ಟೂ ಸಲ ಬಾಯಿ ಬಟ್ಟೆಯನ್ನು ಮುಟ್ಟುತ್ತದೆ. ಅದರ ಅಗತ್ಯವೇ ಇಲ್ಲ. ನೊರೆ ಸೇರುವುದು ಅಲಗಿನ ಟೊಳ್ಳಿನಲ್ಲಿ. ಬಾಯಿ ಮುಂದೆ ಹೋದಂತೆ ನೊರೆ ಹಿಂದಕ್ಕೆ, ಬೆನ್ನಿನ ಕಡೆಗೆ ತಳ್ಳಿಸಿಕೊಳ್ಳುತ್ತದೆ. ಅದು ತುಂಬಿ ಬಾಯಿಯ ಗೆರೆಯೇ ಕಾಣದಂತಾಗುವವರೆಗೆ ಕತ್ತಿಯ ಕೆಲಸಕ್ಕೆ ಅಡ್ಡಿಯಿಲ್ಲ. ಒಂದು ಬದಿ ತುಂಬಿದರೆ, ಕೈಗೆ ಒಗ್ಗುವ ಕಡೆ ಕತ್ತಿ ಹೊರಳಿಸಿ ಇನ್ನೊಂದು ಬದಿಯಿಂದ ಮುಂದುವರಿಸಿ. ಹೀಗೆ ಮಾಡಿದರೆ ಕೆನ್ನೆಗೆ ಒಂದು, ಇನ್ನೊಂದು ಕೆನ್ನೆಗೆ ಒಂದು, ಗಲ್ಲ ಮತ್ತು ಮೀಸೆಯ ಜಾಗಕ್ಕೆ ಒಂದು, ಕುತ್ತಿಗೆಗೆ ಒಂದು, ಒಂದು ಸುತ್ತಿಗೆ ನಾಲ್ಕೈದು ಸಲ ಒರೆಸಿದರೆ ಕ್ಷೌರ ಮುಗಿಯುತ್ತದೆ.

ಇದಕ್ಕೆ ನೊರೆಯೂ ಸಹಕರಿಸಬೇಕು. ನೀರು ಕಡಿಮೆಯಾದ ಗಟ್ಟಿ ನೊರೆ ಅಲಗಿಗೆ ಹಿಟ್ಟಿನಂತೆ ಮೆತ್ತಿಕೊಳ್ಳುತ್ತದೆ, ಒರೆಸದೆ ವಿಧಿಯಿಲ್ಲ. ನೊರೆ ಹೊಳೆಯುತ್ತಿರಬೇಕು, ಬ್ರಷ್ ಎತ್ತಿದರೆ ತುದಿ ಬಾಗಬೇಕು. ಮೊಸರಿನಷ್ಟು ತೇವವಿದ್ದರೆ ಅದು ಅಲಗಿನ ಮೇಲೆ ತಾನೇ ಜಾರುತ್ತದೆ. ಕತ್ತಿ ಬೇಗ ಕಟ್ಟಿಕೊಳ್ಳುತ್ತದೆ ಎನ್ನುವವರಲ್ಲಿ ಹೆಚ್ಚಿನವರಿಗೆ ನಾನು ಹೇಳುವುದು, ಬ್ರಷ್ಷನ್ನು ಇನ್ನೊಮ್ಮೆ ನೀರಿಗೆ ಅದ್ದಿ ಎಂದಷ್ಟೇ.

ಇನ್ನು ನೀರು. ಹರಿಯುವ ನೀರು ಬಾಯಿಯನ್ನು ಏನೂ ಮಾಡುವುದಿಲ್ಲ. ಆದರೆ ನೀರು ಬರುವ ನಲ್ಲಿ ಮಾಡುತ್ತದೆ! ಕ್ಷೌರದ ಕತ್ತಿಗಳ ಬಾಯಿಯಲ್ಲಿ ಕಚ್ಚು ಬೀಳುವುದಕ್ಕೆ ನಾನು ಕಂಡ ಮೊದಲ ಕಾರಣ ನಲ್ಲಿ, ಎರಡನೆಯದು ಬೇಸಿನ್. ನಲ್ಲಿಯ ಹೊಳಪು ಬರುವುದು ಕ್ರೋಮಿಯಂ ಲೇಪದಿಂದ, ಆ ಲೇಪ ಕತ್ತಿಯ ಉಕ್ಕಿಗಿಂತ ಗಟ್ಟಿ. ಬೇಸಿನ್ನಿನ ಪಿಂಗಾಣಿಯೂ ಏನೂ ಮೃದುವಲ್ಲ. ನನ್ನ ಮೊದಲ ಒಳ್ಳೆಯ ಕತ್ತಿಯನ್ನು ನಾನು ಕಳೆದುಕೊಂಡದ್ದು ಹಾಗೆಯೇ. ಕೊನೆಯ ಸುತ್ತು ಮುಗಿಸಿ, ಕನ್ನಡಿ ನೋಡುತ್ತಾ ಕೈಯನ್ನು ನಲ್ಲಿಯ ಕೆಳಗೆ ಚಾಚಿದೆ. ‘ಟಿಣ್’ ಎಂಬ ಸಣ್ಣ ಸದ್ದು, ಚಮಚ ಲೋಟಕ್ಕೆ ತಗುಲಿದಷ್ಟು. ತುದಿಯಿಂದ ಒಂದು ಬೆರಳು ಒಳಗೆ ಅರ್ಧಚಂದ್ರದಂಥ ಕಚ್ಚು. ಅದನ್ನು ತೆಗೆಯಲು ಕಲ್ಲಿನ ಮೇಲೆ ಎರಡು ಸಂಜೆ ಉಜ್ಜಿದೆ, ಆಮೇಲೆ ಆ ಕತ್ತಿ ಮೊದಲಿನಷ್ಟು ಅಗಲ ಉಳಿಯಲಿಲ್ಲ.

ಅದಕ್ಕೇ ಹೇಳುವುದು, ತೊಳೆಯುವಾಗ ಕಣ್ಣು ಕತ್ತಿಯ ಮೇಲಿರಲಿ, ಕನ್ನಡಿಯ ಮೇಲಲ್ಲ. ನಲ್ಲಿಯ ಮೂತಿಗೂ ಕತ್ತಿಗೂ ನಡುವೆ ಒಂದು ಗೇಣಾದರೂ ಅಂತರ ಇರಲಿ. ನೀರಿನ ಧಾರೆಗೆ ಬೆನ್ನು ಕೊಟ್ಟು ಹಿಡಿಯಿರಿ, ನೀರು ಬೆನ್ನಿನಿಂದ ಬಾಯಿಯ ಕಡೆ ಇಳಿಯುತ್ತಾ ನೊರೆಯನ್ನು ಕೊಂಡೊಯ್ಯುತ್ತದೆ. ಹೀಗೆ ಹಿಡಿದರೆ ಕೈ ತಪ್ಪಿ ನಲ್ಲಿಗೆ ತಗುಲಿದರೂ ತಗುಲುವುದು ಬೆನ್ನು. ತುದಿ ಸ್ವಲ್ಪ ಕೆಳಗಿರಲಿ. ಆಗ ನೀರು ತುದಿಯಿಂದ ತೊಟ್ಟಿಕ್ಕುತ್ತದೆ, ಹಿಡಿಯೊಳಗಿನ ಮೊಳೆಯ ಕಡೆಗೆ ಹರಿಯುವುದಿಲ್ಲ. ಧಾರೆ ಸಣ್ಣದಿರಲಿ, ಜೋರು ನೀರು ಹಗುರವಾದ ಅಲಗನ್ನು ಕೈಯಲ್ಲಿ ಅಲ್ಲಾಡಿಸುತ್ತದೆ.

ಸುರಕ್ಷಾ ರೇಜರ್ ಬಳಸಿ ಬಂದವರಿಗೆ ಇನ್ನೊಂದು ಹಳೆ ಚಾಳಿ ಇರುತ್ತದೆ: ಬೇಸಿನ್ ಅಂಚಿಗೆ ಟಕ್ ಟಕ್ ಎಂದು ಬಡಿದು ನೊರೆ ಉದುರಿಸುವುದು. ಆ ರೇಜರಿನಲ್ಲಿ ಬ್ಲೇಡು ಲೋಹದ ತಲೆಯೊಳಗೆ ಅಡಗಿರುವುದರಿಂದ ಅದು ನಡೆಯುತ್ತಿತ್ತು. ಇಲ್ಲಿ ಬೆನ್ನನ್ನು ಬಡಿದರೂ ಕತ್ತಿ ಪುಟಿದು ಬಾಯಿ ತಗುಲಬಹುದು. ಝಾಡಿಸುವುದೂ ಬೇಡ, ಒದ್ದೆ ಕೈಯಿಂದ ಕತ್ತಿ ಹಾರಿದರೆ ಎಲ್ಲಿ ಬೀಳುತ್ತದೆ ಎಂದು ಹೇಳುವಂತಿಲ್ಲ. ಒಂದು ವೇಳೆ ಬಿದ್ದರೆ ಹಿಡಿಯಲು ಹೋಗಬೇಡಿ. ಇದೊಂದನ್ನು ಮನಸ್ಸಿಗೆ ಮೊದಲೇ ಕಲಿಸಿಟ್ಟುಕೊಳ್ಳಿ: ಕೈ ಹಿಂದಕ್ಕೆ, ಕಾಲು ಹಿಂದಕ್ಕೆ, ಬೀಳಲು ಬಿಡಿ. ಬೇಸಿನ್ನಿನ ತಳದಲ್ಲಿ ಒಂದು ದಪ್ಪ ಟವೆಲು ಹಾಸಿಟ್ಟರೆ ಬಿದ್ದಾಗ ಅರ್ಧ ನಷ್ಟ ತಪ್ಪುತ್ತದೆ. ನಿಮ್ಮ ಕುಣಿಕೆಯ ಟವೆಲಿಗೆ ಇದು ತಕ್ಕ ಕೆಲಸ.

ನಲ್ಲಿ ಬೇಡ ಎಂದು ಮಗ್ಗಿನಲ್ಲಿ ಅದ್ದಿ ತೊಳೆಯುವವರಿದ್ದಾರೆ. ಪ್ಲಾಸ್ಟಿಕ್ ಮಗ್ಗು, ಅಗಲ ಬಾಯಿಯದ್ದು, ಆಗಬಹುದು. ಉಕ್ಕಿನ ಲೋಟ ಬೇಡ. ನೊರೆ ಬೆರೆತ ನೀರಿನಲ್ಲಿ ಅಂಚು ಎಲ್ಲಿದೆ ಎಂದು ಕಾಣುವುದಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ ಕ್ಷೌರದ ನಡುವೆ ನೀರೇ ಬೇಡ, ಒದ್ದೆ ಬಟ್ಟೆ ಸಾಕು, ಕೊನೆಯಲ್ಲಿ ಒಂದು ಸಲ ತೊಳೆದರೆ ಆಯಿತು. ಕತ್ತಿ ಗಟ್ಟಿ ವಸ್ತುವಿನ ಹತ್ತಿರ ಹೋಗುವ ಸಂದರ್ಭ ಹತ್ತರಿಂದ ಒಂದಕ್ಕೆ ಇಳಿಯುತ್ತದೆ.

ಬಿಸಿನೀರು ತಾಗಿದರೆ ಉಕ್ಕಿನ ಹದ ಹೋಗುತ್ತದೆ ಎಂದು ಯಾರಾದರೂ ಹೆದರಿಸಿದರೆ ನಂಬಬೇಡಿ. ಕಾರ್ಬನ್ ಉಕ್ಕಿನ ಕತ್ತಿಗಳಿಗೆ ಹದ ಕೊಡುವಾಗಲೇ ಸಾಮಾನ್ಯವಾಗಿ 150 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಕಾಯಿಸಿರುತ್ತಾರೆ. ಕುದಿಯುವ ನೀರು 100 ದಾಟುವುದಿಲ್ಲ. ಬಿಸಿನೀರಿನಿಂದ ಲಾಭವೇ ಇದೆ, ಸಾಬೂನು ಬೇಗ ಕರಗುತ್ತದೆ, ಬೆಚ್ಚಗಾದ ಅಲಗು ಬೇಗ ಒಣಗುತ್ತದೆ. ಕತ್ತಿಯನ್ನು ಕುದಿಸಲು ಹೋಗಬೇಡಿ ಎನ್ನುವುದು ಹಿಡಿಯ ಕಾರಣಕ್ಕೆ. ಮರ, ಕೊಂಬು, ಸೆಲ್ಯುಲಾಯ್ಡ್ ಯಾವುದೂ ಅದನ್ನು ತಡೆಯುವುದಿಲ್ಲ. ಸೋಂಕು ಕಳೆಯಬೇಕಾದರೆ ಅಲಗನ್ನು ಸ್ಪಿರಿಟ್ಟಿನಲ್ಲಿ ಒರೆಸಿ. ಬ್ಲೀಚ್ ಮಾತ್ರ ಬಳಸಬೇಡಿ, ಅದರ ಕ್ಲೋರಿನ್ ಅಂಶ ಉಕ್ಕನ್ನು ಗುಂಡಿ ಗುಂಡಿಯಾಗಿ ತಿನ್ನುತ್ತದೆ.

ನೀರು ಶತ್ರು ಎಂದವರ ಮಾತು ನಿಜವಾಗುವುದು ಕ್ಷೌರ ಮುಗಿದ ಮೇಲೆ. ತುಕ್ಕು ಎಂದರೆ ನಮಗೆ ಕೆಂಪು ಕಲೆ ನೆನಪಾಗುತ್ತದೆ. ಅಲಗಿನ ಮೈಮೇಲೆ ಅಂಥ ಕಲೆ ಕಾಣಿಸಿಕೊಳ್ಳುವ ಹೊತ್ತಿಗೆ ಬಾಯಿಯ ಕತೆ ಮುಗಿದಿರುತ್ತದೆ. ದಪ್ಪವೇ ಒಂದು ಮೈಕ್ರಾನ್ ಇಲ್ಲದ ಕಡೆ ಅರ್ಧ ಮೈಕ್ರಾನ್ ತಿಂದುಹೋದರೂ ಉಳಿಯುವುದೇನು? ಸ್ಟೇನ್‌ಲೆಸ್ ಉಕ್ಕು ಇದನ್ನು ಹೆಚ್ಚು ತಡೆಯುತ್ತದೆ, ಪೂರ್ತಿ ತಡೆಯುವುದಿಲ್ಲ. ಸಾಬೂನಿನ ಉಳಿಕೆ, ಗಡಸು ನೀರಿನ ಲವಣ, ಕೈಯ ಬೆವರು, ಕ್ಷೌರದ ನಂತರ ಸವರುವ ಪಟಿಕದ ನೀರು, ಇವೆಲ್ಲ ಅಲಗಿನ ಮೇಲೆ ಉಳಿಯಬಾರದು. ಅದರಲ್ಲೂ ಪಟಿಕ ಮುಟ್ಟಿದ ಕೈಯಿಂದ ಅಲಗನ್ನು ಮುಟ್ಟಲೇಬೇಡಿ.

ಆದ್ದರಿಂದ ಕೊನೆಯ ತೊಳೆತ ಆದ ತಕ್ಷಣ, ಮುಖ ತೊಳೆಯುವುದಕ್ಕೂ ಮುಂಚೆ, ಟಿಶ್ಯೂ ಕಾಗದವನ್ನು ಬೆನ್ನಿನ ಮೇಲಿಂದ ಹೊದಿಸಿ ಟೊಳ್ಳಿನ ನೀರನ್ನು ಒತ್ತಿ ಹೀರಿಸಿ. ಬೆರಳುಗಳು ಬೆನ್ನಿನ ಕಡೆಗೇ ಇರಲಿ, ಬಾಯಿಯ ಕೊನೆಯ ಒಂದೆರಡು ಮಿಲಿಮೀಟರಿಗೆ ಬೆರಳ ಒತ್ತಡ ಹೋಗಬಾರದು. ಅಲ್ಲಿನ ತೇವವನ್ನು ಕಾಗದ ತಾನೇ ಎಳೆದುಕೊಳ್ಳುತ್ತದೆ. ಕಾಗದದ ಒಂದು ಮೂಲೆಯನ್ನು ತಿರುಚಿ ಹಿಡಿಯ ನಡುವೆ, ಮೊಳೆಯ ಹತ್ತಿರ ತೂರಿಸಿ ಅಲ್ಲಿಯ ಹನಿ ತೆಗೆಯಿರಿ. ಆಮೇಲೆ ಕತ್ತಿಯನ್ನು ತೆರೆದೇ ಹತ್ತು ಹದಿನೈದು ನಿಮಿಷ ಬಿಡಿ. ಒದ್ದೆ ಕತ್ತಿಯನ್ನು ಮಡಚುವುದು ಎಂದರೆ ಅದನ್ನು ತೇವದ ಡಬ್ಬಿಯಲ್ಲಿ ಹಾಕಿ ಮುಚ್ಚಿದಂತೆ. ಪೂರ್ತಿ ಒಣಗಿದ ಮೇಲೆ ಕ್ಯಾನ್ವಾಸ್ ಪಟ್ಟಿಯ ಮೇಲೆ ಐದಾರು ಸಲ ಎಳೆಯಿರಿ, ಕಣ್ಣಿಗೆ ಕಾಣದ ತೇವವೂ ಹೋಗುತ್ತದೆ. ಒದ್ದೆ ಅಲಗನ್ನು ಚರ್ಮದ ಪಟ್ಟಿಗೆ ಮಾತ್ರ ಹಾಕಬೇಡಿ, ಪಟ್ಟಿಯೂ ಹಾಳು, ಬಾಯಿಯೂ ಹಾಳು. ಸ್ನಾನದ ಮನೆಯ ಹಬೆಯಲ್ಲಿ ಕತ್ತಿ ಇಡಬೇಡಿ, ಬೇರೆ ಕೋಣೆಗೆ ಒಯ್ಯಿರಿ. ವಾರಗಟ್ಟಲೆ ಬಳಸುವುದಿಲ್ಲ ಎಂದಾದರೆ ಒಂದು ಹನಿ ಖನಿಜ ಎಣ್ಣೆ ಸವರಿ. ದಿನವೂ ಬಳಸುವವರಿಗೆ ಎಣ್ಣೆ ಬೇಕಿಲ್ಲ.

ಹಿಂದೆ ಏಳು ಕತ್ತಿಗಳ ಪೆಟ್ಟಿಗೆಗಳು ಬರುತ್ತಿದ್ದವು, ಒಂದೊಂದರ ಮೇಲೆ ವಾರದ ಒಂದೊಂದು ದಿನದ ಹೆಸರು. ಕತ್ತಿಗೆ ವಿಶ್ರಾಂತಿ ಬೇಕು, ಆಗ ಬಾಯಿ ತಾನೇ ಸರಿಹೋಗುತ್ತದೆ ಎಂಬ ನಂಬಿಕೆ ಅದರ ಹಿಂದಿತ್ತು. ಉಕ್ಕಿಗೆ ದಣಿವು ಆರುತ್ತದೆ ಎಂಬುದನ್ನು ನಾನು ಒಪ್ಪುವುದಿಲ್ಲ. ವಿಶ್ರಾಂತಿಯ ಹೆಸರಿನಲ್ಲಿ ಆ ಕತ್ತಿಗಳಿಗೆ ಸಿಗುತ್ತಿದ್ದದ್ದು ಒಣಗಲು ಸಮಯ, ಅಷ್ಟೇ ಎಂದು ನನ್ನ ಅಂದಾಜು.

ಮಡಚುವಾಗ ಇನ್ನೊಂದನ್ನು ನೋಡಿ. ಕೆಲವು ಕತ್ತಿಗಳಲ್ಲಿ ಹಿಡಿ ಕಾಲಕ್ರಮೇಣ ಸೊಟ್ಟಗಾಗಿ, ಮಡಚಿದಾಗ ಬಾಯಿ ಒಂದು ಬದಿಗೆ ತಾಗುತ್ತದೆ. ದಿನಾ ಚೆನ್ನಾಗಿ ಒರೆಸಿ, ಒಣಗಿಸಿ, ಕೊನೆಗೆ ಹಿಡಿಗೆ ಉಜ್ಜಿ ಮುಚ್ಚಿಟ್ಟರೆ ಎಲ್ಲ ವ್ಯರ್ಥ. ಬೆಳಕಿನಲ್ಲಿ ನಿಧಾನವಾಗಿ ಮಡಚಿ, ಬಾಯಿ ನಡುವಿಗೇ ಇಳಿಯುತ್ತದೆಯೇ ಎಂದು ಪರೀಕ್ಷಿಸಿ.

ಅರ್ಧ ಬ್ಲೇಡು ಸಿಕ್ಕಿಸುವ ಕತ್ತಿ ನಿಮ್ಮದಾಗಿದ್ದರೆ ಇಷ್ಟು ಓದುವ ಅಗತ್ಯವೇ ಇರಲಿಲ್ಲ, ಬ್ಲೇಡು ಬದಲಿಸಿದರೆ ಮುಗಿಯಿತು. ಸಾಣೆ ಹಿಡಿಸುತ್ತೇನೆ ಎಂದಿರುವುದರಿಂದ ನಿಮ್ಮದು ನಿಜವಾದ ಕತ್ತಿಯೇ.

ಕೊನೆಯದಾಗಿ, ನಿಮ್ಮ ಕತ್ತಿ ನಾಲ್ಕೈದು ಕ್ಷೌರಕ್ಕೇ ಸೋಲುತ್ತಿರುವುದಕ್ಕೆ ನಿಮ್ಮ ಒರೆಸುವಿಕೆಯೇ ಕಾರಣ ಎಂದು ನಾನು ಆಣೆ ಮಾಡಿ ಹೇಳಲಾರೆ. ಪಟ್ಟಿಗೆ ಸರಿಯಾಗಿ ಎಳೆಯುತ್ತಿದ್ದರೆ ಒಂದು ಸಾಣೆ ಹಲವು ವಾರ, ಗಡ್ಡ ಮೆದುವಾಗಿದ್ದರೆ ತಿಂಗಳುಗಳ ಕಾಲ ಬಾಳಬೇಕು. ಸಾಣೆ ಅತಿಯಾದಾಗ ಬಾಯಿಯ ಅಂಚಿನಲ್ಲಿ ಉಕ್ಕಿನ ತೆಳು ರೇಕೊಂದು ಉಳಿದುಬಿಡುತ್ತದೆ. ಅದು ಮೊದಮೊದಲು ಅದ್ಭುತವಾಗಿ ಕತ್ತರಿಸಿ, ಕೆಲವೇ ಸಲಕ್ಕೆ ಮುರಿದು ಉದುರುತ್ತದೆ. ನೀವು ವಿವರಿಸಿದ ಲಕ್ಷಣ ಅದಕ್ಕೂ ಹೊಂದುತ್ತದೆ. ಯಾವುದು ಎಂದು ತಿಳಿಯಲು ಕತ್ತಿಯನ್ನೇ ಕೇಳಬೇಕು.

ಈಗ ಎಳೆಯುತ್ತಿರುವ ಆ ಕತ್ತಿಯನ್ನು ಒಂಟಿ ದೀಪದ ಕೆಳಗೆ, ಬಾಯಿ ಮೇಲಾಗಿ ಹಿಡಿದು ನಿಧಾನವಾಗಿ ಅತ್ತಿತ್ತ ವಾಲಿಸಿ. ಹರಿತವಾದ ಬಾಯಿ ಬೆಳಕನ್ನು ತೋರಿಸುವುದಿಲ್ಲ, ತೋರಿಸುವಷ್ಟು ಅಗಲವೇ ಅದಕ್ಕಿಲ್ಲ. ಎಲ್ಲಿ ಮಿನುಗುತ್ತದೋ ಅಲ್ಲಿ ಕೆಟ್ಟಿದೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಇದ್ದರೆ ಇನ್ನೂ ಒಳ್ಳೆಯದು. ತುದಿಯ ಹತ್ತಿರ ಒಂದೇ ಒಂದು ಚುಕ್ಕಿ ಮಿನುಗಿದರೆ ನಲ್ಲಿಯೋ ಬೇಸಿನ್ನೋ ಮುಟ್ಟಿದೆ, ಏಕೆಂದರೆ ಎಲ್ಲಕ್ಕಿಂತ ಮುಂದೆ ಚಾಚಿರುವುದು ತುದಿ. ಉದ್ದಕ್ಕೂ ಸಣ್ಣ ಗರಗಸದಂತೆ ಚುಕ್ಕಿಗಳಿದ್ದರೆ ಟವೆಲಿನ ಮಡಿಕೆಯೂ ಆಗಿರಬಹುದು, ಮುರಿದ ರೇಕೂ ಆಗಿರಬಹುದು. ಟವೆಲಿನಲ್ಲಿ ಕೊಯ್ದ ನೂಲು ಇದೆಯೇ ಇಲ್ಲವೇ ಎಂಬುದು ಆಗ ತೀರ್ಪು ಹೇಳುತ್ತದೆ. ಒಂದು ಬದಿಯಿಂದ ನೋಡಿದಾಗ ಮಾತ್ರ ಹೊಳೆದು, ಇನ್ನೊಂದು ಬದಿಯಿಂದ ಹೊಳೆಯದಿದ್ದರೆ ಬಾಯಿ ಮಡಚಿಕೊಂಡಿದೆ. ಒತ್ತಿ ಒರೆಸಿದ್ದರಿಂದ, ಇಲ್ಲವೇ ಚರ್ಮದ ಪಟ್ಟಿಯನ್ನು ಸಡಿಲ ಬಿಟ್ಟು ಎಳೆದದ್ದರಿಂದ ಹಾಗಾಗುತ್ತದೆ. ಇದಕ್ಕೆ ಸಾಣೆ ಬೇಡ, ಕ್ಯಾನ್ವಾಸಿನ ಮೇಲೆ ಇಪ್ಪತ್ತು ಮೂವತ್ತು, ಬಿಗಿಯಾಗಿ ಎಳೆದು ಹಿಡಿದ ಚರ್ಮದ ಮೇಲೆ ಐವತ್ತು ಅರವತ್ತು ಸಲ ಎಳೆದು ನೋಡಿ, ಬಹಳ ಸಲ ಎದ್ದು ನಿಲ್ಲುತ್ತದೆ. ಬುಡದ ಕಡೆ, ಹಿಡಿಯೊಳಗೆ ಅಡಗುವ ಭಾಗದಲ್ಲಿ ಕಪ್ಪು ಚುಕ್ಕಿಗಳಿದ್ದರೆ ನೀರು. ಎಲ್ಲಿಯೂ ಏನೂ ಕಾಣದೆ, ಆದರೂ ಎಳೆಯುತ್ತಿದ್ದರೆ, ಕತ್ತಿಯನ್ನು ಬಿಟ್ಟು ಗಡ್ಡವನ್ನು ನೋಡಿ, ನೊರೆ ಹಚ್ಚುವ ಮುನ್ನ ಎರಡು ಮೂರು ನಿಮಿಷ ಬಿಸಿನೀರಿನಲ್ಲಿ ನೆನೆಸುತ್ತಿದ್ದೀರಾ?

ಈ ಪರೀಕ್ಷೆಯನ್ನು ಸಾಣೆಗೆ ಕೊಡುವ ಮುನ್ನವೇ ಮಾಡಿ. ಕತ್ತಿ ಕಲ್ಲಿಗೆ ಹತ್ತಿದ ಮೇಲೆ ಸಾಕ್ಷಿಯೆಲ್ಲ ಅಳಿಸಿಹೋಗುತ್ತದೆ. ಮಿನುಗುವ ಜಾಗಕ್ಕೆ ನೇರವಾಗಿ ಬೆನ್ನಿನ ಮೇಲೆ ಪೆನ್ನಿನಿಂದ ಒಂದು ಗುರುತು ಹಾಕಿ ಸಾಣೆಯವರಿಗೆ ತೋರಿಸಿ. ಬರಿಗಣ್ಣಿಗೆ ಕಾಣುವ ಕಚ್ಚಾದರೆ 1000 ಗ್ರಿಟ್ಟಿನ ಒರಟು ಕಲ್ಲಿನಿಂದ ಶುರುಮಾಡಬೇಕಾಗುತ್ತದೆ. ಭೂತಗನ್ನಡಿಯಲ್ಲಿ ಮಾತ್ರ ಕಾಣುವಂಥದ್ದಾದರೆ 8000ದ ನುಣುಪು ಕಲ್ಲೇ ಸಾಕಾಗಬಹುದು, ಅಷ್ಟು ಉಕ್ಕು ಉಳಿಯುತ್ತದೆ.